150 ಕಿ.ಮೀ. ವೃತ್ತದೊಳಗಿನ ಬೀದರ್

ಬೀದರ್ ಜಿಲ್ಲೆಯ ಹಳ್ಳಿಖೇಡ (ಬಿ)ಯಿಂದ ಬೆಂಗಳೂರಿಗೆ ರಸ್ತೆಯಲ್ಲಿ 650 ಕಿ.ಮೀ. ಮೀರುತ್ತದೆ. ಬಸ್ಸಾಗಲಿ, ರೈಲಾಗಲಿ, ಒಂದು ರಾತ್ರಿ ಪೂರ್ತಿ ಬೇಕು. ಬೀದರಿನಿಂದ ವಿಮಾನಕ್ಕೆ ನೇರ ದಾರಿ ಸುಮಾರು 520 ಕಿ.ಮೀ., ಹೆಚ್ಚೂಕಡಿಮೆ ಒಂದೂಕಾಲು ತಾಸು. ಈ ಒಂದೂಕಾಲು ತಾಸು ಹುಮನಾಬಾದ್, ಬಸವಕಲ್ಯಾಣದ ಜನರಿಗೆ ದಕ್ಕಲು ದಶಕಗಳೇ ಹಿಡಿದವು.

1956ರವರೆಗೆ ಈ ಸೀಮೆಗೆ ರಾಜಧಾನಿ ಹೈದರಾಬಾದ್. ಬೆಳಿಗ್ಗೆ ಹೊರಟರೆ ಮಧ್ಯಾಹ್ನದೊಳಗೆ ತಲುಪಬಹುದಾದ ಊರು. ರಾಜ್ಯ ಪುನರ್ವಿಂಗಡಣೆಯಾಗಿ ರಾಜಧಾನಿ ದಕ್ಷಿಣದ ತುದಿಗೆ ಸರಿಯಿತು. ರಸ್ತೆ, ರೈಲು, ಆಸ್ಪತ್ರೆ, ಪೇಟೆಗಳ ನಂಟು ಮಾತ್ರ ಹೈದರಾಬಾದಿನ ಕಡೆಗೇ ಉಳಿಯಿತು. ಬೀದರ್–ಕಲಬುರಗಿ ರೈಲು ಮಾರ್ಗ ಪೂರ್ಣಗೊಂಡು ಹುಮನಾಬಾದಿನ ಮೂಲಕ ಓಡಾಟ ಶುರುವಾಗಲು 2017ರ ಅಕ್ಟೋಬರ್ ಬರಬೇಕಾಯಿತು.

ಹಾಗೆಂದು ಬೀದರಿನಲ್ಲಿ ರನ್‌ವೇ ಇರಲಿಲ್ಲವೆಂದಲ್ಲ. ಎರಡನೇ ಮಹಾಯುದ್ಧದ ಕಾಲದಿಂದಲೂ ಅಲ್ಲಿ ವಿಮಾನ ನೆಲೆಯಿದೆ. ವಾಯುಪಡೆಯ ತರಬೇತಿ ಕೇಂದ್ರ ಅದು, ವೈಮಾನಿಕ ಪ್ರದರ್ಶನದ ಸೂರ್ಯಕಿರಣ ತಂಡದ ತವರು. ನಾಗರಿಕ ವಿಮಾನಕ್ಕೆ ಅಡ್ಡ ಬಂದದ್ದು ಒಂದು ಕರಾರು. ಹೈದರಾಬಾದಿನ ಹೊಸ ವಿಮಾನ ನಿಲ್ದಾಣಕ್ಕಾಗಿ ಕೇಂದ್ರ ಸರ್ಕಾರ 2004ರಲ್ಲಿ ಮಾಡಿಕೊಂಡ ಒಪ್ಪಂದದಂತೆ, ಅಲ್ಲಿಂದ 150 ಕಿ.ಮೀ. ವಾಯುದೂರದೊಳಗೆ 25 ವರ್ಷ ಮತ್ತೊಂದು ನಿಲ್ದಾಣ ಬೆಳೆಯುವಂತಿರಲಿಲ್ಲ. ಬೀದರ್ ಇರುವುದು ಸುಮಾರು 125 ಕಿ.ಮೀ. ಅಂತರದಲ್ಲಿ. ಕಲಬುರಗಿ ಈ ವೃತ್ತದಿಂದ ಐದಾರು ಕಿ.ಮೀ. ಆಚೆಗಿದೆ. ಬೀದರಿನಲ್ಲಿ ಕಟ್ಟಿದ ಟರ್ಮಿನಲ್ ವರ್ಷಗಟ್ಟಲೆ ಬೀಗ ಹಾಕಿಕೊಂಡೇ ಇತ್ತು. ಭೂಪಟದ ಮೇಲೆ ಎಳೆದ ಒಂದು ವೃತ್ತ ಇಡೀ ಜಿಲ್ಲೆಯನ್ನು ಇಷ್ಟು ಕಾಲ ಕಾಯಿಸಿದ್ದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ.

ಕಲಬುರಗಿ ನಿಲ್ದಾಣ 2019ರ ನವೆಂಬರ್ 22ರಂದು ಉದ್ಘಾಟನೆಯಾಯಿತು. ಹೈದರಾಬಾದ್ ನಿಲ್ದಾಣದವರ ಒಪ್ಪಿಗೆ ಸಿಕ್ಕ ಮೇಲೆ, 2020ರ ಫೆಬ್ರುವರಿ 7ರಂದು ಬೀದರಿನ ಸರದಿ. ಉಡಾನ್ ಯೋಜನೆಯಡಿ ಟ್ರೂಜೆಟ್‌ನ ಎಟಿಆರ್ ವಿಮಾನ ಬೆಂಗಳೂರಿಗೆ ಹಾರಿತು. ಒಂದು ತಾಸಿನ ಹಾರಾಟಕ್ಕೆ 2,500 ರೂಪಾಯಿ ಮಿತಿಯಲ್ಲಿ ಕೆಲವು ಸೀಟು ಕೊಡುವುದು, ಕಂಪನಿಗೆ ಆಗುವ ನಷ್ಟವನ್ನು ಸರ್ಕಾರ ತುಂಬುವುದು ಉಡಾನ್‌ನ ಆರಂಭದ ರೀತಿಯಾಗಿತ್ತು. ಆ ಸೇವೆ ನಿಂತಿತು. 2022ರ ಜೂನ್‌ನಲ್ಲಿ ಸ್ಟಾರ್ ಏರ್ ಬಂತು, 2023ರ ಕೊನೆಗೆ ಅದೂ ನಿಂತಿತು. ಒಂದು ವರ್ಷಕ್ಕೂ ಹೆಚ್ಚು ಕಾಲ ಟರ್ಮಿನಲ್ ಖಾಲಿ. 2025ರ ಏಪ್ರಿಲ್‌ನಲ್ಲಿ, ರಾಜ್ಯ ಸರ್ಕಾರ ನಷ್ಟ ತುಂಬಲು ಒಪ್ಪಿದ ಮೇಲೆ, ಸ್ಟಾರ್ ಏರ್ ಮರಳಿತು.

ಪ್ರಯಾಣಿಕನ ಲೆಕ್ಕವೇ ಬೇರೆ. ಹಳ್ಳಿಖೇಡದಿಂದ ಬೀದರ್ ನಿಲ್ದಾಣ ಸುಮಾರು 40 ಕಿ.ಮೀ.; ತಪಾಸಣೆಗೆ ಒಂದು ತಾಸು ಮೊದಲೇ ಅಲ್ಲಿರಬೇಕು; ದೇವನಹಳ್ಳಿಯಲ್ಲಿ ಇಳಿದ ಮೇಲೆ ನಗರ ಸೇರಲು ಮತ್ತೊಂದೂವರೆ ತಾಸು. ಒಟ್ಟು ಐದು ತಾಸು. ವಿಧಾನಸೌಧದ ಕೆಲಸ, ಓದುವ ಮಕ್ಕಳ ಪ್ರವೇಶ ಪರೀಕ್ಷೆ ಇದ್ದವರಿಗೆ ರಾತ್ರಿಯ ಜಾಗರಣೆ ತಪ್ಪಿಸಲು ಅಷ್ಟು ಸಾಕು. ಆದರೆ ಎಷ್ಟು ತಾಸು ಎಂದು ವಿಚಾರಿಸುವುದಕ್ಕೆ ಮೊದಲು ಇಲ್ಲಿ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ‘ಇವತ್ತ ವಿಮಾನ ಅದಾ?’

ಬೆಳಿಗ್ಗೆ ಹೋಗಿ ರಾತ್ರಿಯೊಳಗೆ ಮನೆ ಸೇರುವಂಥ ವೇಳಾಪಟ್ಟಿ, ಅನುದಾನದ ಗಡುವು ಮುಗಿದರೂ ನಿಲ್ಲದ ಸೇವೆ, ಇವೆರಡನ್ನೂ ಕಂಪನಿಯಿಂದ ಬರೆಸಿಕೊಳ್ಳುವ ಹೊಣೆ ರಾಜ್ಯ ಸರ್ಕಾರದ್ದು. 520 ಕಿ.ಮೀ. ದೂರಕ್ಕೆ ರಾಜಧಾನಿಯನ್ನು ಒಯ್ದದ್ದು ಬೀದರಿನವರಲ್ಲ.