ಜಿಮ್ನಿ ಎತ್ತರಿಸೋ ಮುಂಚೆ

ಜಿಮ್ನಿ ಮನೆಗೆ ಬಂದ ಮೇಲೆ ಗೆಳೆಯರ ಮೊದಲ ಪ್ರಶ್ನೆ: "ಲಿಫ್ಟ್ ಎಷ್ಟು ಹಾಕಿಸ್ತೀಯಾ, ಎರಡು ಇಂಚಾ?" ತಡೀರಿ. ಮೊದಲು ಟೈರ್ ನೋಡೋಣ.

ಐದು ಬಾಗಿಲಿನ ಜಿಮ್ನಿಗೆ ಕಂಪನಿಯಿಂದ ಬರೋದು 195/80 ಆರ್15. ವ್ಯಾಸ ಸುಮಾರು 693 ಮಿ.ಮೀ. 215/75 ಹಾಕಿದ್ರೆ ಹೆಚ್ಚೋದು ಬರೀ 10 ಮಿ.ಮೀ.; ಇದಕ್ಕೆ ಲಿಫ್ಟ್ ಬೇಡ. 235/75 ಆದ್ರೆ 40 ಮಿ.ಮೀ. ಹೆಚ್ಚು, ಅಂದ್ರೆ ಗಾಡಿ 20 ಮಿ.ಮೀ. ಮೇಲೆ. ಆದ್ರೆ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಉಜ್ಜಬಹುದು, ಮೀಟರ್ ಸುಮಾರು ಶೇ. 6ರಷ್ಟು ಕಮ್ಮಿ ತೋರಿಸುತ್ತೆ, ಆ 1.5 ಲೀಟರ್ ಎಂಜಿನ್ ಘಾಟಿ ಹತ್ತುವಾಗ ಏದುಸಿರು ಬಿಡುತ್ತೆ.

ಈಗ ಲಿಫ್ಟ್. ಸ್ಪ್ರಿಂಗ್ ಉದ್ದ ಮಾಡಿದ್ರೆ ಬಾಡಿ ಏಳುತ್ತೆ, ಆಕ್ಸಲ್ ಏಳಲ್ಲ. ಜಿಮ್ನಿಗೆ ಮುಂದೂ ಹಿಂದೂ ಸಾಲಿಡ್ ಆಕ್ಸಲ್. ಆ ಆಕ್ಸಲ್‌ನಲ್ಲೇ ಇದ್ದು ಕಲ್ಲಿಗೆ ಬಡಿಯೋ ಡಿಫರೆನ್ಷಿಯಲ್ ಇದ್ದಲ್ಲೇ ಇರುತ್ತೆ. ಅದನ್ನ ಎತ್ತೋದು ದೊಡ್ಡ ಟೈರ್ ಮಾತ್ರ. ಮೇಲಾಗಿ ಎರಡು ಇಂಚು ಎತ್ತಿದ್ರೆ ಕ್ಯಾಸ್ಟರ್ ಕೋನ ಕಮ್ಮಿಯಾಗಿ ಹೈವೇಲಿ ಸ್ಟೀರಿಂಗ್ ಅಲೆದಾಡುತ್ತೆ; ಪ್ಯಾನ್‌ಹಾರ್ಡ್ ರಾಡ್ ಆಕ್ಸಲನ್ನ ಒಂದು ಪಕ್ಕಕ್ಕೆ ಎಳೆಯುತ್ತೆ. ಇದನ್ನ ಸರಿಮಾಡೋಕೆ ಬೇರೆ ಬುಶ್, ಬೇರೆ ರಾಡ್. ಕಿಟ್ ಬೆಲೆ ಹೇಳುವಾಗ ಈ ಸುದ್ದಿ ಎತ್ತೋರು ಅಪರೂಪ! ಆರ್‌ಟಿಒ, ವಿಮೆ ಎರಡನ್ನೂ ಮೊದಲೇ ವಿಚಾರಿಸಿ.

ಇನ್ನು ಯಾವ ಬಗೆಯ ಟೈರ್? ಸಕಲೇಶಪುರದ ಮಳೆಗಾಲದ ಜೇಡಿ ಕೆಸರಲ್ಲಿ ಎಟಿ (ಆಲ್-ಟೆರೇನ್) ಟೈರಿನ ಸಂದು ಬೇಗ ತುಂಬಿಹೋಗುತ್ತೆ. ಎಂಟಿ (ಮಡ್-ಟೆರೇನ್) ಕೆಸರನ್ನ ಎರಚಿ ಮುಂದೆ ಹೋಗುತ್ತೆ, ಆದ್ರೆ ಟಾರು ರೋಡಲ್ಲಿ ಗುಂಯ್‌ಗುಡುತ್ತೆ, ಒದ್ದೆ ರಸ್ತೇಲಿ ಹಿಡಿತ ಕಮ್ಮಿ. ಬೆಂಗಳೂರಿಂದ ಓಡಿಸ್ಕೊಂಡು ಹೋಗೋರಿಗೆ ನನ್ನ ಓಟು ಎಟಿಗೇ. ಕೆಸರಿಗಿಳಿಯೋ ಮುಂಚೆ ಗಾಳಿ 18 ಪಿಎಸ್‌ಐ ಆಸುಪಾಸಿಗೆ ಇಳಿಸಿ. ಟಾರಿಗೆ ಬಂದ ತಕ್ಷಣ ತುಂಬಿಸೋಕೆ ಡಿಕ್ಕೀಲಿ ಪುಟ್ಟ ಕಂಪ್ರೆಸರ್ ಇಟ್ಕೊಳ್ಳಿ.