ಲಗಾಮು ಹಿಡಿದ ಕೈ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಬೆಳೆದವರಿಗೆ ಎತ್ತಿನ ಮೂಗುದಾರವು ಹೊಸ ವಸ್ತುವಲ್ಲ. ಎರೆಭೂಮಿಯ ಹಾದಿಯಲ್ಲಿ ಬಂಡಿ ಹೊಡೆಯಲು ಮೊದಲ ಸಲ ಕುಳಿತ ಹುಡುಗನು ಹೆದರಿಕೆಯಿಂದ ಹಗ್ಗವನ್ನು ಬಿಗಿಯಾಗಿ ಜಗ್ಗುತ್ತಾನೆ. ಎತ್ತು ಮೂತಿಯನ್ನು ಮೇಲಕ್ಕೆತ್ತಿ, ಕೊರಳು ಸೊಟ್ಟಮಾಡಿ, ಹಾದಿ ಬಿಟ್ಟು ನಡೆಯುತ್ತದೆ. ಅದೇ ಹಗ್ಗವನ್ನು ಅನುಭವಿಯಾದ ಒಕ್ಕಲಿಗನು ಹಿಡಿದರೆ ಬೆರಳಿನ ಸಣ್ಣ ಅಲುಗಾಟಕ್ಕೇ ಬಂಡಿಯು ತಿರುಗುತ್ತದೆ. ಬಾಲ್ಯದಲ್ಲಿ ನಾನೂ ಹಗ್ಗ ಜಗ್ಗಿ ಬೈಸಿಕೊಂಡವನೇ. ‘ಕೈ ಹಗುರ ಇರಲಿ’ ಎಂದು ಹಿರಿಯರು ಹೇಳುತ್ತಿದ್ದ ಮಾತಿನಲ್ಲಿ ಎಷ್ಟು ಭೌತಶಾಸ್ತ್ರವಿದೆಯೆಂಬುದು ಕಾಲೇಜಿನಲ್ಲಿ ಪಾಠ ಹೇಳತೊಡಗಿದ ಮೇಲೆ ನನಗೆ ತಿಳಿಯಿತು. ಎತ್ತಿಗಿಂತಲೂ ಕುದುರೆಯ ವಿಷಯದಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುವುದರಿಂದ ಇಲ್ಲಿ ಕುದುರೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ.

ನಮ್ಮ ಸೀಮೆಗೆ ಕುದುರೆಯ ನಂಟು ಹಳೆಯದು. ಅಫಜಲಪುರ, ಜೇವರ್ಗಿ ತಾಲ್ಲೂಕುಗಳನ್ನು ಹಾಯ್ದು ಹರಿಯುವ ಭೀಮಾ ನದಿಯ ಹೆಸರನ್ನೇ ಹೊತ್ತ ‘ಭೀಮಥಡಿ’ ಎಂಬ ದಖನ್ನಿನ ಕುದುರೆಯು ಮರಾಠರ ದಂಡಿನಲ್ಲಿ ಹೆಸರಾಗಿತ್ತು. ನದಿಯ ಮೇಲ್ಭಾಗದ ಮಹಾರಾಷ್ಟ್ರದ ಸೀಮೆಯಲ್ಲಿ ವಲಸೆ ಹೋಗುವ ಕುರಿಗಾರರು ತಮ್ಮ ಸಾಮಾನನ್ನು ಇಂದಿಗೂ ಇಂಥ ಕುದುರೆಗಳ ಮೇಲೆ ಹೇರುತ್ತಾರೆ. ಆಳಂದದ ಈಶಾನ್ಯಕ್ಕಿರುವ ಕಲ್ಯಾಣದಿಂದ 1126ರಿಂದ 1138ರವರೆಗೆ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಕುದುರೆ ಸವಾರಿಯ ವಿನೋದಕ್ಕೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟಿದ್ದಾನೆ. ಆಟೋರಿಕ್ಷಾ ಬರುವುದಕ್ಕೆ ಮೊದಲು ಕಲಬುರಗಿಯ ಬೀದಿಗಳಲ್ಲಿ ಟಾಂಗಾಗಳು ಓಡುತ್ತಿದ್ದವು. ದಂಡಿನ ಸವಾರನಾಗಲಿ, ದೊರೆಯಾಗಲಿ, ಟಾಂಗಾವಾಲನಾಗಲಿ, ಎಲ್ಲರ ಕೈಯಲ್ಲಿಯೂ ಇದ್ದದ್ದು ಒಂದೇ ಸಾಧನ: ಲಗಾಮು.

ಕುದುರೆಯ ಬಾಯೊಳಗೆ ಅಡ್ಡಲಾಗಿ ಇರುವ ಲೋಹದ ಸರಳು ಕಡಿವಾಣ. ಅದರ ಎರಡು ತುದಿಗಳಿಂದ ಸವಾರನ ಕೈಗೆ ಬರುವ ತೊಗಲಿನ ಪಟ್ಟಿಗಳು ಲಗಾಮು. ಕುದುರೆಯ ಮುಂಬಲ್ಲುಗಳಿಗೂ ದವಡೆಹಲ್ಲುಗಳಿಗೂ ನಡುವೆ ಹಲ್ಲಿಲ್ಲದ ಒಂದು ತೆರಪು ಉಂಟು. ಕಡಿವಾಣವು ಕೂರುವುದು ಆ ತೆರಪಿನಲ್ಲಿ, ನಾಲಗೆಯ ಮೇಲೆ. ಅಲ್ಲಿ ಎಲುಬಿನ ಅಂಚನ್ನು ತೆಳುವಾದ ಚರ್ಮವು ಮುಚ್ಚಿರುತ್ತದೆಯೇ ಹೊರತು ಮಾಂಸದ ಮೆತ್ತೆಯಿಲ್ಲ. ನಮ್ಮ ಮೊಳಕಾಲಿನ ಮುಂದಿನ ಎಲುಬಿಗೆ ಏಟು ಬಿದ್ದಾಗ ಆಗುವ ನೋವನ್ನು ನೆನೆದರೆ ಕುದುರೆಯ ಪಾಡು ಅರ್ಥವಾಗುತ್ತದೆ.

ಒತ್ತಡವೆಂದರೆ ಬಲವನ್ನು ಅದು ತಾಗುವ ಕ್ಷೇತ್ರದಿಂದ ಭಾಗಿಸಿ ಪಡೆದ ಲಬ್ಧ. ಸವಾರನು 5 ಕಿಲೋಗ್ರಾಂ ಭಾರದಷ್ಟು ಬಲದಿಂದ ಜಗ್ಗಿದನೆಂದೂ ಕಡಿವಾಣವು 2 ಚದರ ಸೆಂಟಿಮೀಟರಿನಷ್ಟು ಜಾಗಕ್ಕೆ ತಾಗಿದೆಯೆಂದೂ ಇಟ್ಟುಕೊಳ್ಳೋಣ. ಆಗ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಬೀಳುವ ಒತ್ತಡವು ಎರಡೂವರೆ ಕಿಲೋಗ್ರಾಂ. ನಮ್ಮನ್ನು ಸುತ್ತುವರಿದ ವಾಯುವಿನ ಒತ್ತಡವು ಸುಮಾರು ಒಂದು ಕಿಲೋಗ್ರಾಂ ಮಾತ್ರ! ಕೆಲವು ಕಡಿವಾಣಗಳಿಗೆ ಕೆಳಗೆ ಇಳಿಬಿದ್ದ ಕಾಲುಗಳಿದ್ದು, ಗದ್ದದ ಕೆಳಗೆ ಸರಪಣಿಯಿರುತ್ತದೆ. ಇದು ಸನ್ನೆಕೋಲಿನ ತತ್ತ್ವ. ಬಾಯೊಳಗಿನ ಸರಳಿನಿಂದ ಕೆಳಗಿನ ತೋಳು 10 ಸೆಂಟಿಮೀಟರ್, ಮೇಲಿನದು 5 ಸೆಂಟಿಮೀಟರ್ ಇದ್ದರೆ ಲಗಾಮಿನಲ್ಲಿ ಹಾಕಿದ ಒಂದು ಕಿಲೋಗ್ರಾಂ ಬಲವು ಗದ್ದದ ಸರಪಣಿಯಲ್ಲಿ ಎರಡಾಗಿ, ದವಡೆಯ ಎಲುಬಿನ ಮೇಲೆ ಎರಡೂ ಕೂಡಿ ಮೂರಾಗುತ್ತದೆ. ಜಗ್ಗಿದವನ ಕೈಗೆ ಮಾತ್ರ ಒಂದರಷ್ಟೇ ತಿಳಿಯುತ್ತದೆ.

ಹಾಗಾದರೆ ಲಗಾಮನ್ನು ಸಡಿಲವಾಗಿ ಇಳಿಬಿಟ್ಟರೆ ಆಯಿತಲ್ಲವೇ? ಹಾಗೂ ಅಲ್ಲ. ಜೋಲುತ್ತಿರುವ ಲಗಾಮು ಕುದುರೆಯು ತಲೆ ಚಾಚಿದಾಗ ತಟ್ಟನೆ ಬಿಗಿಯಾಗಿ ಬಾಯಿಗೆ ಏಟು ಕೊಡುತ್ತದೆ. ಮೃದುವಾದ ಕೈ ಎಂದರೆ ದುರ್ಬಲವಾದ ಕೈಯಲ್ಲ, ಬಿಟ್ಟ ಕೈಯೂ ಅಲ್ಲ. ಅಲ್ಪವಾದ ಬಲವನ್ನು ಏರುಪೇರಿಲ್ಲದೆ ಕಾಪಾಡಿಕೊಂಡು ಹೋಗುವ ಕೈಯೇ ಮೃದುವಾದ ಕೈ.

ಇದು ಕಷ್ಟವಾಗುವುದೇಕೆ? ಕುದುರೆಯ ತಲೆ ಒಂದೆಡೆ ನಿಲ್ಲದಿರುವುದೇ ಇದಕ್ಕೆ ಕಾರಣ. ತಲೆ ಮತ್ತು ಕೊರಳುಗಳ ತೂಕವು ದೇಹದ ತೂಕದಲ್ಲಿ ಸುಮಾರು ಹತ್ತನೆಯ ಒಂದು ಪಾಲು. ನಡೆಯುವಾಗ ಕುದುರೆಯು ಅದನ್ನು ಪ್ರತಿ ಪೂರ್ಣ ಹೆಜ್ಜೆಗೆ ಎರಡು ಸಲ ತೂಗುತ್ತದೆ. ದುಡುಕಿಯಲ್ಲಿ ತಲೆ ಬಹುಮಟ್ಟಿಗೆ ಸ್ಥಿರ. ನಾಗಾಲೋಟದಲ್ಲಿ ಮತ್ತೆ ತೂಗಾಟ. ತಲೆಯು 5 ಸೆಂಟಿಮೀಟರ್ ಮುಂದೆ ಹೋಯಿತೆನ್ನಿ. ತೊಗಲಿನ ಪಟ್ಟಿ ಹಿಗ್ಗುವುದಿಲ್ಲ. ಆದುದರಿಂದ ಹಿಗ್ಗಬೇಕಾದುದು ಸವಾರನ ತೋಳು. ಹುಕ್ಕನ ನಿಯಮದಂತೆ ಬಲವು ಹಿಗ್ಗಿದ ದೂರಕ್ಕೂ ಬಿಗುವಿನ ಅಂಕಕ್ಕೂ ಅನುಗುಣವಾಗಿರುತ್ತದೆ. ಮೊಳಕೈಯನ್ನು ಸೆಟೆದು ಹಿಡಿದವನ ತೋಳಿನ ಬಿಗುವು ಸೆಂಟಿಮೀಟರಿಗೆ 20 ನ್ಯೂಟನ್ ಎಂದುಕೊಂಡರೆ, ಪ್ರತಿ ತೂಗಿಗೂ ಬಾಯಿಗೆ 100 ನ್ಯೂಟನ್, ಅಂದರೆ ಸುಮಾರು 10 ಕಿಲೋಗ್ರಾಂ ಭಾರದ ಏಟು. ಸಡಿಲಾದ ತೋಳಿನ ಬಿಗುವು ಸೆಂಟಿಮೀಟರಿಗೆ ಒಂದೇ ನ್ಯೂಟನ್ ಆದರೆ ಬೀಳುವುದು 5 ನ್ಯೂಟನ್, ಅರ್ಧ ಕಿಲೋಗ್ರಾಮಿನಷ್ಟು. ಕುದುರೆ ಒಂದೇ, ಲಗಾಮು ಒಂದೇ. ಬದಲಾದುದು ಮೊಳಕೈ ಮಾತ್ರ.

ತಲೆ ಮುಂದೆ ಹೋದಾಗ ಕೈಯನ್ನೂ ಬೇಕೆಂದೇ ಮುಂದೆ ಕೊಟ್ಟರಾಗದೇ ಎಂದು ಜಾಣ ವಿದ್ಯಾರ್ಥಿಯು ಕೇಳಬಹುದು. ಇಲ್ಲಿ ಕಾಲದ ಲೆಕ್ಕವನ್ನು ಮಾಡಬೇಕು. ನಡಿಗೆಯ ಒಂದು ಪೂರ್ಣ ಹೆಜ್ಜೆಗೆ ಸುಮಾರು ಒಂದು ಸೆಕೆಂಡು. ಒಂದು ತೂಗಿಗೆ ಅರ್ಧ ಸೆಕೆಂಡು. ತಲೆ ಮುಂದಕ್ಕೆ ಹೋಗುವ ಅವಧಿ ಕಾಲು ಸೆಕೆಂಡು. ಒಂದು ಸಂಗತಿಯನ್ನು ಅರಿತು ಕೈಯನ್ನು ಅಲುಗಿಸಲು ಮನುಷ್ಯನಿಗೆ ಸುಮಾರು ಸೆಕೆಂಡಿನ ಐದನೆಯ ಒಂದು ಭಾಗ ಬೇಕು. ಅಂದರೆ, ಸವಾರನು ಯೋಚಿಸಿ ಕೈ ಕೊಡುವ ವೇಳೆಗೆ ತಲೆಯು ಹಿಂದಕ್ಕೆ ತಿರುಗುತ್ತಿರುತ್ತದೆ. ಅದು ಮತ್ತೆ ಮುಂದಕ್ಕೆ ಹೋಗುವಾಗ ಕೈ ಹಿಂದಕ್ಕೆ ಬರುತ್ತಿರುತ್ತದೆ. ಎರಡು ಆಂದೋಲನಗಳು ಒಂದಕ್ಕೊಂದು ವಿರುದ್ಧವಾಗಿಬಿಡುತ್ತವೆ. ಪ್ರತಿ ತೂಗಿಗೂ ಉತ್ತರ ಕೊಡಲು ಹೊರಟವನು ಎಷ್ಟು ಒಳ್ಳೆಯ ಮನಸ್ಸಿನವನಾದರೂ ಬಾಯಿಯನ್ನು ನೋಯಿಸದೆ ಇರಲಾರ. ಆದುದರಿಂದ ಕೈಯ ಮೃದುತ್ವವು ಅಪ್ಪಣೆಯ ಮೇಲೆ ಬರುವಂಥದಲ್ಲ. ಅದು ಭುಜ ಮೊಳಕೈಗಳಲ್ಲಿ ಮೊದಲೇ ನೆಲೆಸಿರಬೇಕು. ತಲೆಯೇ ಕೈಯನ್ನು ಒಯ್ಯಬೇಕು, ತಲೆಯೊಡನೆಯೇ ಕೈ ಮರಳಬೇಕು.

ಇದಕ್ಕೆ ಅಭ್ಯಾಸದ ಕ್ರಮವೊಂದುಂಟು. ಮೊದಲನೆಯದು ಕೈಯ ಪಾಠವಲ್ಲ, ಆಸನದ ಪಾಠ. ತೋಲ ತಪ್ಪಿದವನು ಕೈಗೆ ಸಿಕ್ಕಿದ್ದನ್ನು ಹಿಡಿದು ಜೋತುಬೀಳುತ್ತಾನೆ. ಸವಾರನ ಕೈಗೆ ಸಿಗುವುದು ಲಗಾಮು. ಆದುದರಿಂದ ಹೊಸಬನು ಲಗಾಮಿಲ್ಲದೆಯೇ ಕುಳಿತು, ಬಲ್ಲವರೊಬ್ಬರು ಕುದುರೆಯನ್ನು ಉದ್ದ ಹಗ್ಗದಲ್ಲಿ ಸುತ್ತ ನಡೆಸುವಾಗ ಸಮತೋಲವನ್ನು ಕಲಿಯಬೇಕು. ಎರಡನೆಯದಾಗಿ, ಮೊಳಕೈಯನ್ನು ಮಡಿಸಿ ಪಕ್ಕೆಯ ಬಳಿ ಸಡಿಲವಾಗಿಟ್ಟು, ಮೊಳಕೈಯಿಂದ ಕಡಿವಾಣದವರೆಗೆ ಒಂದೇ ಸರಳರೇಖೆ ಇರುವಂತೆ ನೋಡಿಕೊಳ್ಳಬೇಕು. ಕೈ ಮೇಲೇರಿದರೆ ಬಲದ ಒಂದು ಅಂಶವು ತುಟಿಯ ಸಂದಿಯನ್ನು ಎಳೆಯುತ್ತದೆ. ಕೆಳಗಿಳಿದರೆ ಎಲುಬಿನ ಅಂಚನ್ನು ಒತ್ತುತ್ತದೆ. ಮೂರನೆಯದಾಗಿ, ಬೆರಳುಗಳು ಲಗಾಮನ್ನು ಹಸಿ ಮಡಕೆಯನ್ನು ಎತ್ತಿದಂತೆ ಹಿಡಿದಿರಬೇಕು: ಜಾರುವಂತಿಲ್ಲ, ಹಿಸುಕುವಂತೆಯೂ ಇಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದುದು. ಕುದುರೆಯು ಜಗ್ಗುವಿಕೆಯಿಂದ ಕಲಿಯುವುದಿಲ್ಲ, ಸಡಿಲಿಕೆಯಿಂದ ಕಲಿಯುತ್ತದೆ. ನಿಲ್ಲಬೇಕೆಂದು ಬೆರಳನ್ನು ಬಿಗಿದಾಗ ಅದು ನಿಲ್ಲತೊಡಗಿದ ಕ್ಷಣದಲ್ಲಿಯೇ ಬೆರಳು ಸಡಿಲವಾದರೆ, ‘ಹೀಗೆ ಮಾಡಿದರೆ ಒತ್ತಡ ತಪ್ಪುತ್ತದೆ’ ಎಂಬುದು ಅದಕ್ಕೆ ಮನದಟ್ಟಾಗುತ್ತದೆ. ನಿಂತ ಮೇಲೆಯೂ ಜಗ್ಗುತ್ತಲೇ ಇದ್ದರೆ ನಿಂತುದಕ್ಕೆ ಫಲವೇನೆಂಬುದು ಅದಕ್ಕೆ ತಿಳಿಯುವುದಿಲ್ಲ. ಹೀಗೆ ಪಳಗಿದ ಕುದುರೆಯನ್ನು ಜನರು ‘ಗಟ್ಟಿ ಬಾಯಿಯದು’ ಎನ್ನುತ್ತಾರೆ. ಗಟ್ಟಿಯಾದುದು ಬಾಯಲ್ಲ, ಒತ್ತಡಕ್ಕೆ ಅರ್ಥವಿಲ್ಲವೆಂದು ಅದು ಕಲಿತ ಪಾಠ. ಬಾಯಿ ತೆರೆಯುವುದು, ನಾಲಗೆ ಹೊರಚಾಚುವುದು, ತಲೆ ಕೊಡಹುವುದು, ಇವು ಬಹುಮಟ್ಟಿಗೆ ಮೊಂಡುತನದ ಗುರುತುಗಳಲ್ಲ, ನೋವಿನ ಗುರುತುಗಳು.

ದುರ್ದೈವದಿಂದ ಇಂಥ ಕುದುರೆಗೆ ಮನುಷ್ಯನು ಕಂಡುಕೊಂಡ ಮದ್ದು ಇನ್ನೂ ಕ್ರೂರವಾದ ಕಡಿವಾಣ. ಭಾರತದಲ್ಲಿ ಗಾಡಿ ಕುದುರೆಗಳಿಗೆ ಮುಳ್ಳಿನ ಕಡಿವಾಣವನ್ನು ಹಾಕುವ ಪದ್ಧತಿಯಿತ್ತು. ಮುಳ್ಳಿನ ತುದಿಯ ಕ್ಷೇತ್ರವು ಅತ್ಯಲ್ಪವಾದ್ದರಿಂದ ಒತ್ತಡವು ಎಷ್ಟು ಮಡಿ ಹೆಚ್ಚುವುದೆಂಬುದನ್ನು ಓದುಗರೇ ಲೆಕ್ಕ ಹಾಕಬಹುದು. ಬಂಡಿ ಎಳೆಯುವ ಮತ್ತು ಹೊರೆ ಹೊರುವ ಪ್ರಾಣಿಗಳ ಹಿಂಸೆಯನ್ನು ತಡೆಯಲು 1965ರಲ್ಲಿ ಮಾಡಿದ ಕೇಂದ್ರ ನಿಯಮಗಳು ಮುಳ್ಳಿನ ಕಡಿವಾಣವನ್ನೂ ಮೊಳೆಯ ಕೋಲನ್ನೂ ನಿಷೇಧಿಸಿವೆ. ಆದರೆ ನುಣುಪಾದ ಕಡಿವಾಣವೂ ಸೆಟೆದ ಕೈಯಲ್ಲಿ ಹಿಂಸೆಯ ಸಾಧನವೇ. ಕೈಯನ್ನು ತಿದ್ದುವ ಕೆಲಸ ಕಾನೂನಿಗೆ ಸಾಧ್ಯವಿಲ್ಲ, ಅದು ಹಿಡಿದವನದೇ.

ಕುದುರೆಯಿಲ್ಲದವರೂ ಇದನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಬಹುದು. ಸ್ಪ್ರಿಂಗ್ ತ್ರಾಸಿನ ಒಂದು ತುದಿಗೆ ಹಗ್ಗ ಕಟ್ಟಿ ಗೆಳೆಯನ ಕೈಗೆ ಕೊಟ್ಟು, ಸೆಕೆಂಡಿಗೆ ಎರಡು ಸಲದಂತೆ ಹಿಂದೆ ಮುಂದೆ ತೂಗಲು ಹೇಳಿರಿ. ಇನ್ನೊಂದು ತುದಿಯನ್ನು ನೀವು ಮೊದಲು ತೋಳನ್ನು ಸೆಟೆದು ಹಿಡಿಯಿರಿ. ಅನಂತರ ಕಣ್ಣು ಮುಚ್ಚಿ, ಗೆಳೆಯನನ್ನು ಹಿಂಬಾಲಿಸಲು ಯತ್ನಿಸಿರಿ. ಕಡೆಗೆ ಭುಜ ಮೊಳಕೈಗಳನ್ನು ಸಡಿಲಬಿಟ್ಟು ಹಿಡಿಯಿರಿ. ಮುಳ್ಳು ಎಷ್ಟೆಷ್ಟು ಓಲಾಡಿತೆಂಬುದನ್ನು ಮೂರನೆಯವನೊಬ್ಬನು ಬರೆದುಕೊಳ್ಳಲಿ. ಮೂರನೆಯ ಸಲ ಮುಳ್ಳು ಬಹುಮಟ್ಟಿಗೆ ಒಂದೆಡೆ ನಿಂತರೆ ಪ್ರಯೋಗವು ಸಫಲವಾಯಿತೆನ್ನಬಹುದು. ಆ ಬಳಿಕ ಊರಿಗೆ ಹೋದಾಗ ಎತ್ತಿನ ಹಗ್ಗವನ್ನು ಹಿಡಿದು ನೋಡಿರಿ. ಅಲ್ಲಿ ತ್ರಾಸಿನ ಮುಳ್ಳಿರುವುದಿಲ್ಲ. ಎತ್ತು ಮೂತಿಯನ್ನು ಇಳಿಸಿ ನೆಟ್ಟಗೆ ನಡೆಯಿತೇ ಎಂಬುದೇ ಅಳತೆ.