ಉಳಿದ ಜಾಗದಲ್ಲಿ ಯಾರ ಪಾಲೆಷ್ಟು?

ವೆಬ್ ಪುಟದ ಅಂಕಣಗಳನ್ನು ಪರದೆಗೆ ತಕ್ಕಂತೆ ಹಿಗ್ಗಿಸಲು ಸಿಎಸ್‌ಎಸ್‌ನಲ್ಲಿ ‘ಫ್ಲೆಕ್ಸ್-ಗ್ರೋ’ ಎಂಬ ಸೌಲಭ್ಯವಿದೆ. ಇದರ ಮೂಲ ಮೌಲ್ಯ ಸೊನ್ನೆ. ಅಂದರೆ ಜಾಗ ಮಿಕ್ಕರೂ ಅಂಕಣ ಹಿಗ್ಗದು. ಒಂದಕ್ಕೆ 1, ಇನ್ನೊಂದಕ್ಕೆ 3 ಎಂದು ಕೊಟ್ಟರೆ ಎರಡನೆಯದು ಮೂರು ಪಟ್ಟು ಅಗಲವಾಗುವುದೆಂಬ ನಂಬಿಕೆ ಹಲವರಲ್ಲಿದೆ. ಇದು ಸರಿಯಲ್ಲ. ಹಂಚಿಕೆಯಾಗುವುದು ಉಳಿಕೆ ಜಾಗ ಮಾತ್ರ.

ಉದಾಹರಣೆಗೆ, 1000 ಪಿಕ್ಸೆಲ್ ಅಗಲದ ಚೌಕಟ್ಟಿನಲ್ಲಿ 400 ಹಾಗೂ 200 ಪಿಕ್ಸೆಲ್‌ಗಳ ಎರಡು ಅಂಕಣಗಳಿವೆ ಎನ್ನೋಣ. ಉಳಿಕೆ 400. ಇದರಲ್ಲಿ ಮೊದಲನೆಯದಕ್ಕೆ 100, ಎರಡನೆಯದಕ್ಕೆ 300 ಸೇರಿ ಎರಡೂ 500 ಪಿಕ್ಸೆಲ್‌ಗೆ ಸಮನಾಗುತ್ತವೆ!

ಅಗಲವೇ 1:3ರ ಅನುಪಾತದಲ್ಲಿ ಬೇಕಾದರೆ ‘ಫ್ಲೆಕ್ಸ್-ಬೇಸಿಸ್’ ಅನ್ನು ಸೊನ್ನೆಗಿಳಿಸಬೇಕು. ಆಗ ಇಡೀ 1000 ಪಿಕ್ಸೆಲ್ ಹಂಚಿಕೆಯಾಗಿ 250 ಮತ್ತು 750 ದೊರೆಯುತ್ತವೆ. ಆದರೆ ಕನ್ನಡದ ದೀರ್ಘ ಸಮಾಸಪದವೊಂದು 250ರೊಳಗೆ ಹಿಡಿಸದಿದ್ದರೆ, ಅಂಕಣ ಅದಕ್ಕಿಂತ ಕುಗ್ಗಲೊಪ್ಪದೆ ಈ ಲೆಕ್ಕ ಏರುಪೇರಾಗುತ್ತದೆ.